ಕೆಂಡಹಕ್ಕಿಗೆ ತನ್ನ ಮರಿ ಗೊತ್ತಿಲ್ಲವೇ?

ಪ್ರಶ್ನೆ: ಆಫ್ರಿಕದ ಹಳ್ಳಿಯೊಂದರ ಅಂಗಳದಲ್ಲಿ ಜನರ ಕಾಲ ಬಳಿಯೇ ಕಾಳು ಹೆಕ್ಕುತ್ತಿದ್ದ ಪುಟ್ಟ ಕೆಂಪು ಹಕ್ಕಿಗಳ ವಿಡಿಯೊ ನೋಡಿದೆ. ಫೈರ್‌ಫಿಂಚ್ ಎಂದು ಹೆಸರು ಹೇಳಿದರು. ಗಂಡು ಹೆಣ್ಣು ಮೈಗೆ ಮೈ ತಾಗಿಸಿಕೊಂಡೇ ಕೂತಿರುತ್ತವೆ. ಇವು ಗುಂಪಿನ ಹಕ್ಕಿಗಳೋ, ಜೋಡಿಯ ಹಕ್ಕಿಗಳೋ? ಕಪ್ಪುನೀಲಿ ಬಣ್ಣದ ಬೇರೊಂದು ಹಕ್ಕಿ ಇವುಗಳ ಗೂಡಿನಲ್ಲಿ ಮೊಟ್ಟೆ ಇಡುತ್ತದಂತೆ, ಇವು ಆ ಮರಿಯನ್ನೂ ಸಾಕುತ್ತವಂತೆ. ತನ್ನ ಮರಿ ಯಾವುದು, ಪರರ ಮರಿ ಯಾವುದು ಎಂದು ತಿಳಿಯದಷ್ಟು ದಡ್ಡ ಹಕ್ಕಿಯೇ ಇದು?

ಉತ್ತರ: ಎರಡು ಪ್ರಶ್ನೆ ಕೇಳಿದ್ದೀರಿ. ನನ್ನ ಮಟ್ಟಿಗೆ ಅವೆರಡೂ ಒಂದೇ ಪ್ರಶ್ನೆ. ಈ ಹಕ್ಕಿಯ ಸಂಸಾರ ಎಷ್ಟು ಬಿಗಿಯಾದದ್ದು ಎಂದು ತಿಳಿಯದೆ ಆ ಕಪ್ಪುನೀಲಿ ಹಕ್ಕಿ ಅದರೊಳಕ್ಕೆ ಹೇಗೆ ನುಸುಳಿತು ಎಂಬುದು ಅರ್ಥವಾಗುವುದಿಲ್ಲ. ‘ದಡ್ಡ’ ಎಂಬ ಮಾತನ್ನು ಮಾತ್ರ ಸ್ವಲ್ಪ ಹೊತ್ತು ಬದಿಗಿಡೋಣ. ಈ ಹಕ್ಕಿಯ ಬಗ್ಗೆ ಓದಿದಷ್ಟೂ ಆ ಮಾತು ನನಗೆ ಅನ್ಯಾಯವೆಂದೇ ತೋರಿದೆ.

ಮೊದಲು ಹಕ್ಕಿಯ ಪರಿಚಯ. ನೀವು ನೋಡಿದ್ದು ಬಹುತೇಕ ಕೆಂಪುಕೊಕ್ಕಿನ ಫೈರ್‌ಫಿಂಚ್. ಹಳ್ಳಿಯ ಅಂಗಳಕ್ಕೆ ಅಷ್ಟು ಸಲಿಗೆಯಿಂದ ಬರುವುದು ಅದೇ. ಫೈರ್‌ಫಿಂಚ್ ಎಂಬುದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ನಾನು ಕೆಂಡಹಕ್ಕಿ ಎಂದು ಕರೆಯುತ್ತೇನೆ. ಒಣ ನೆಲದ ಮೇಲೆ ಗಂಡು ಹಕ್ಕಿ ಕುಪ್ಪಳಿಸುವಾಗ ಬೂದಿಯೊಳಗಿನ ಕೆಂಡ ಮಿನುಗಿದಂತೆಯೇ ಇರುತ್ತದೆ. ವೈಜ್ಞಾನಿಕ ಹೆಸರು ಲ್ಯಾಗೊನೊಸ್ಟಿಕ್ಟ ಸೆನೆಗಲ. ಮೊದಲ ಪದದ ಗ್ರೀಕ್ ಅರ್ಥ ‘ಪಕ್ಕೆಯಲ್ಲಿ ಚುಕ್ಕೆಯುಳ್ಳದ್ದು’. ಎದೆಯ ಇಬ್ಬದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿರುವುದರಿಂದ ಆ ಹೆಸರು. ಎರಡನೆಯ ಪದ ಸೆನೆಗಲ್ ದೇಶದ್ದು. 1766ರಲ್ಲಿ ಲಿನೇಯಸ್ ಇದನ್ನು ವರ್ಣಿಸಿದ್ದು ಅಲ್ಲಿಂದ ಬಂದ ಹಕ್ಕಿಯ ಆಧಾರದ ಮೇಲೆ.

ಉದ್ದ ಸುಮಾರು 10 ಸೆಂಟಿಮೀಟರ್, ತೂಕ 8–9 ಗ್ರಾಂ. ಎರಡು ಎ-4 ಹಾಳೆಗಳನ್ನು ಅಂಗೈ ಮೇಲಿಟ್ಟುಕೊಂಡರೆ ಅದಕ್ಕಿಂತ ಹೆಚ್ಚು ಭಾರವಾಗುತ್ತದೆ. ಗಂಡಿನ ತಲೆ, ಎದೆ ಕೆಂಪು, ರೆಕ್ಕೆ ಕಂದು. ಹೆಣ್ಣು ಮಣ್ಣಿನ ಬಣ್ಣದ್ದು. ಕಣ್ಣು ಮತ್ತು ಕೊಕ್ಕಿನ ನಡುವೆ ಒಂದು ಕೆಂಪು ಗುರುತು, ಬಾಲದ ಬುಡದಲ್ಲಿ ಕೆಂಪು, ಅಷ್ಟೇ ಅದರ ಅಲಂಕಾರ. ಎರಡಕ್ಕೂ ಕಣ್ಣಿನ ಸುತ್ತ ಎಳೆಯಷ್ಟು ತೆಳುವಾದ ಹಳದಿ ಉಂಗುರವಿದೆ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯದವರೆಗೆ, ಕೆಳಗೆ ದಕ್ಷಿಣ ಆಫ್ರಿಕದವರೆಗೆ ಇದರ ನೆಲೆ. ದಟ್ಟ ಮಳೆಕಾಡು ಇದಕ್ಕೆ ಒಗ್ಗುವುದಿಲ್ಲ. ಪೊದೆ, ಹುಲ್ಲು, ಹೊಲದ ಅಂಚು, ಹತ್ತಿರದಲ್ಲೊಂದಿಷ್ಟು ನೀರು ಇದ್ದರೆ ಸಾಕು. ಒಣ ಕಾಳು ತಿನ್ನುವ ಹಕ್ಕಿಯಾದ್ದರಿಂದ ನೀರಿನಿಂದ ತುಂಬ ದೂರ ಇರಲಾರದು.

‘ಫಿಂಚ್’ ಎಂದ ಮಾತ್ರಕ್ಕೆ ಇದು ಯುರೋಪಿನ ಫಿಂಚ್‌ಗಳ ಬಂಧುವಲ್ಲ. ಇದು ಎಸ್ಟ್ರಿಲ್ಡಿಡೇ ಎಂಬ ಬೇರೆಯೇ ಕುಟುಂಬ. ನಾವು ರಾಟವಾಳ ಅಥವಾ ಮುನಿಯಾ ಎಂದು ಕರೆಯುವ ಹಕ್ಕಿಗಳೂ ಆ ಕುಟುಂಬದವೇ. ಆಫ್ರಿಕ, ದಕ್ಷಿಣ ಏಷ್ಯ, ಆಸ್ಟ್ರೇಲಿಯಗಳಲ್ಲಿ ಹರಡಿರುವ ಇದರಲ್ಲಿ ಸುಮಾರು 140 ಪ್ರಭೇದಗಳಿವೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಈ ಕುಟುಂಬದ ಬಹಳಷ್ಟು ಹಕ್ಕಿಗಳು ದೊಡ್ಡ ಹಿಂಡಿನಲ್ಲಿ ಬದುಕುತ್ತವೆ. ಉದಾಹರಣೆಗೆ ಆಫ್ರಿಕದ್ದೇ ಆದ ಕಂಚಿನ ಮುನಿಯಾಗಳು ಮಲಗುವುದಕ್ಕೆಂದೇ ಒರಟೊರಟಾದ ಗೂಡು ಹೆಣೆದು, ಗುಂಪಾಗಿ ಒಳಗೆ ತುರುಕಿಕೊಂಡು ರಾತ್ರಿ ಕಳೆಯುತ್ತವೆ. ಕೆಂಡಹಕ್ಕಿ ಹಾಗಲ್ಲ. ಕಾಳು ಹೇರಳವಾಗಿರುವ ಕಡೆ ಹತ್ತಾರು ಸೇರಬಹುದು, ನೀಲಿ ವ್ಯಾಕ್ಸ್‌ಬಿಲ್‌ನಂಥ ಬೇರೆ ಸಣ್ಣ ಹಕ್ಕಿಗಳ ಜೊತೆ ಬೆರೆತು ಮೇಯಲೂಬಹುದು. ಆದರೆ ಆ ಗುಂಪನ್ನು ಗಮನವಿಟ್ಟು ನೋಡಿದರೆ ಅದು ಜೋಡಿಗಳ ಮೊತ್ತ ಎಂದು ತಿಳಿಯುತ್ತದೆ. ಏನಾದರೂ ಬೆದರಿಸಿ ಗುಂಪು ಚದುರಿದಾಗ ಎರಡೆರಡಾಗಿಯೇ ಚದುರುತ್ತವೆ. ಪೊದೆಯೊಳಗೆ ಇಳಿದ ಕೂಡಲೇ ಒಂದು ಮೆಲುದನಿಯಲ್ಲಿ ಕರೆಯುತ್ತದೆ, ಇನ್ನೊಂದು ಉತ್ತರಿಸುತ್ತದೆ. ಆಮೇಲೆ ಪಕ್ಕಪಕ್ಕಕ್ಕೆ ಸರಿದು ಅಂಟಿಕೊಳ್ಳುತ್ತವೆ.

ನೀವು ಕಂಡ ಆ ‘ಮೈಗೆ ಮೈ’ ಭಂಗಿ ಪಕ್ಷಿಲೋಕದಲ್ಲಿ ಸಾಮಾನ್ಯವಾದುದಲ್ಲ. ತಂತಿಯ ಮೇಲೆ ಕೂರುವ ಹಕ್ಕಿಗಳನ್ನು ನೆನೆಸಿಕೊಳ್ಳಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಳೆದಿಟ್ಟಂತೆ ಅಂತರವಿರುತ್ತದೆ, ಯಾವುದಾದರೂ ಆ ಅಂತರ ಮೀರಿದರೆ ಕೊಕ್ಕಿನ ಏಟು ಬೀಳುತ್ತದೆ. ಬಹುಪಾಲು ಹಕ್ಕಿಗಳಿಗೆ ಇನ್ನೊಂದರ ಸ್ಪರ್ಶವೆಂದರೆ ಜಗಳ ಅಥವಾ ಕೂಡುವಿಕೆ, ನಡುವೆ ಬೇರೇನೂ ಇಲ್ಲ. ಕೆಂಡಹಕ್ಕಿಯ ಜೋಡಿಗೆ ಆ ನಡುವಿನದೇ ಬದುಕು. ಒಂದು ಹಕ್ಕಿ ಕುತ್ತಿಗೆಯ ಗರಿಗಳನ್ನು ಉಬ್ಬಿಸಿ, ತಲೆಯನ್ನು ಓರೆಯಾಗಿಸಿ ಸುಮ್ಮನೆ ನಿಲ್ಲುತ್ತದೆ. ಸಂಗಾತಿ ಅದರ ನೆತ್ತಿ, ಗಲ್ಲ, ಕೊರಳು, ಅಂದರೆ ಅದರ ಸ್ವಂತ ಕೊಕ್ಕಿಗೆ ಎಟುಕದ ಜಾಗಗಳನ್ನೆಲ್ಲ ಒಂದೊಂದೇ ಗರಿ ಹಿಡಿದು ಹಸನು ಮಾಡುತ್ತದೆ. ಅನಂತರ ಸರದಿ ಬದಲಾಗುತ್ತದೆ. ಒಂಬತ್ತು ಗ್ರಾಂ ದೇಹ ಬೇಗ ಶಾಖ ಕಳೆದುಕೊಳ್ಳುತ್ತದೆ, ಹಾಗಾಗಿ ಚಳಿಯ ರಾತ್ರಿ ಒತ್ತಿ ಕೂರುವುದರಿಂದ ಲಾಭವಿದೆ ಎಂಬುದು ನಿಜ. ಆದರೆ ಬಿಸಿಲು ಸುಡುವ ಹಗಲಲ್ಲೂ ಹಾಗೆಯೇ ಕೂರುತ್ತವಲ್ಲ, ಅದಕ್ಕೆ ಚಳಿಯ ಕಾರಣ ಸಾಲದು. ಜೋಡಿಯ ನಂಟನ್ನು ದಿನದಿನವೂ ಹೊಸದಾಗಿ ಕಟ್ಟಿಕೊಳ್ಳುವ ಕೆಲಸ ಅದು ಎಂದೇ ನಾನು ಭಾವಿಸುತ್ತೇನೆ.

ಹಾಗೆ ಕಟ್ಟಿಕೊಳ್ಳಬೇಕಾದ ಅಗತ್ಯವೂ ಇದೆ. ಇವುಗಳ ಸಂತಾನದ ಕಾಲ ಪಂಚಾಂಗದಂತೆ ಬರುವುದಿಲ್ಲ. ಮಳೆ ಬಂದು, ಹುಲ್ಲು ತೆನೆಯೊಡೆದು, ಬೀಜ ಎಳೆಯದಾಗಿ ಹಾಲುಗಟ್ಟಿದಾಗ ಗೂಡು ಶುರುವಾಗಬೇಕು. ಆ ಹೊತ್ತು ಬಂದಾಗ ಸಂಗಾತಿಯನ್ನು ಹುಡುಕುತ್ತ ಕೂರುವ ಹಕ್ಕಿ ಹಿಂದುಳಿಯುತ್ತದೆ. ಜೊತೆಗಾರ ಪಕ್ಕದಲ್ಲೇ ಇರುವ ಹಕ್ಕಿ ಮರುದಿನವೇ ಹುಲ್ಲಿನ ಎಳೆ ಹೊರಬಹುದು.

ಪ್ರಣಯದ ರೀತಿಯಂತೂ ಬಹಳ ಚೆಂದ. ಗಂಡು ಒಂದು ಮೃದುವಾದ ಗರಿಯನ್ನೋ ಹುಲ್ಲಿನ ಎಳೆಯನ್ನೋ ಕೊಕ್ಕಿನಲ್ಲಿ ಹಿಡಿದುಕೊಂಡು ಹೆಣ್ಣಿನ ಮುಂದೆ ತಲೆ ಎತ್ತಿ, ಮೈ ಕುಣಿಸುತ್ತ ನಿಲ್ಲುತ್ತದೆ. ಗೂಡಿಗೆ ಬಳಸುವ ಸಾಮಗ್ರಿಯನ್ನೇ ತಂದು ತೋರಿಸುವುದು ಈ ಕುಟುಂಬದ ಹಲವು ಹಕ್ಕಿಗಳಲ್ಲಿ ಕಾಣುವ ಪದ್ಧತಿ. ಇವುಗಳ ಬಂಧುವಾದ, ಪೂರ್ವ ಆಫ್ರಿಕದ ನೀಲಿತಲೆಯ ಕಾರ್ಡಾನ್-ಬ್ಲೂ ಹಕ್ಕಿಯ ಬಗ್ಗೆ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅದರ ಗಂಡೂ ಹೆಣ್ಣೂ ಇಬ್ಬರೂ ಎಳೆ ಹಿಡಿದು, ಹಾಡುತ್ತ ಕುಣಿಯುತ್ತವೆ. ನಮ್ಮ ಕಣ್ಣಿಗೆ ಅದು ಬರೀ ಜಿಗಿತ. 2015ರಲ್ಲಿ ನಾವೊ ಓಟಾ, ಮಾನ್‌ಫ್ರೆಡ್ ಗಾರ್ ಮತ್ತು ಮಸಾಯೊ ಸೋಮಾ ಅತಿವೇಗದ ಕ್ಯಾಮೆರಾದಲ್ಲಿ ಅದನ್ನು ಹಿಡಿದು ನಿಧಾನಿಸಿ ನೋಡಿದಾಗ, ಒಂದೊಂದು ಜಿಗಿತದ ಒಳಗೂ ಕಾಲುಗಳು ಕೊಂಬೆಯನ್ನು ಹಲವು ಬಾರಿ ಬಡಿಯುತ್ತಿದ್ದುದು ಕಂಡಿತು. ಗೆಜ್ಜೆಯಿಲ್ಲದ ಕಾಲಿನ ತಾಳ! ಅದೇ ತಂಡ 2018ರಲ್ಲಿ ಇನ್ನೊಂದು ಸಂಗತಿ ತಿಳಿಸಿತು: ಬೇರೆ ಹಕ್ಕಿ ನೋಡುತ್ತಿದ್ದರೆ ಜೋಡಿಯ ಈ ಹಾಡುಕುಣಿತ ಹೆಚ್ಚಾಗುತ್ತದೆ. ‘ನಮಗೆ ಜೋಡಿಯಿದೆ’ ಎಂದು ನೆರೆಯವರಿಗೂ ಕಾಣುವಂತೆ ಸಾರುವುದೂ ಅದರಲ್ಲಿ ಸೇರಿದೆ ಎಂದು ಅದನ್ನು ಓದಬಹುದು. ಇಷ್ಟು ಪುಟ್ಟ ಹಕ್ಕಿಗಳ ಸಮಾಜದಲ್ಲೂ ಪ್ರೇಕ್ಷಕರಿದ್ದಾರೆ ಎಂಬುದು ನನ್ನ ಮಟ್ಟಿಗೆ ದೊಡ್ಡ ವಿಚಾರ.

ಕೆಂಡಹಕ್ಕಿಯ ಗೂಡು ಹುಲ್ಲಿನ ಉಂಡೆ. ಪಕ್ಕದಲ್ಲೊಂದು ಬಾಗಿಲು, ಒಳಗೆ ಗರಿಗಳ ಹಾಸಿಗೆ. ತಗ್ಗಿನ ಪೊದೆ, ಗುಡಿಸಲಿನ ಹುಲ್ಲುಮಾಡು, ಮಣ್ಣುಗೋಡೆಯ ಬಿರುಕು, ಎಲ್ಲಾದರೂ ಆದೀತು. ಮೂರರಿಂದ ಆರು ಬಿಳಿ ಮೊಟ್ಟೆಗಳು. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ, ಹನ್ನೊಂದು ಹನ್ನೆರಡು ದಿನಕ್ಕೆ ಮರಿ ಹೊರಬರುತ್ತದೆ, ಮತ್ತೆ ಎರಡೂವರೆ ವಾರಕ್ಕೆ ಗೂಡು ಬಿಡುತ್ತದೆ. ಹಾವು, ಇಲಿಗಳ ಕಣ್ಣು ತಪ್ಪಿಸಿ ಅಷ್ಟು ದಿನ ಕಳೆಯುವುದು ಸುಲಭವಲ್ಲ. ಸೆನೆಗಲ್‌ನ ರಿಷಾರ್-ಟೋಲ್‌ನಲ್ಲಿ ಈ ಹಕ್ಕಿಯ ಸಂಖ್ಯೆಯ ಏರಿಳಿತವನ್ನು ಅಭ್ಯಸಿಸಿದ ಮಾರಿ-ಇವೊನ್ ಮೊರೆಲ್ 1973ರಲ್ಲಿ ಪ್ರಕಟಿಸಿದ ಕೆಲಸ ಇಂದಿಗೂ ಈ ವಿಷಯಕ್ಕೆ ಬುನಾದಿ. ಒಂದು ಪುಟ್ಟ ಹಕ್ಕಿಯ ಹುಟ್ಟುಸಾವಿನ ಲೆಕ್ಕಕ್ಕಾಗಿ ಅಷ್ಟು ತಾಳ್ಮೆ ವ್ಯಯಿಸಿದವರ ಬಗ್ಗೆ ನನಗೆ ಅಪಾರ ಗೌರವ.

ಈಗ ಗೂಡಿನ ಒಳಕ್ಕೆ ಬನ್ನಿ. ಅಲ್ಲಿ ಕತ್ತಲೆ. ತಾಯಿಯೋ ತಂದೆಯೋ ಬಾಗಿಲಲ್ಲಿ ನಿಂತರೆ ಬರುವ ಚೂರು ಬೆಳಕೂ ಮರೆಯಾಗುತ್ತದೆ. ಆ ಕತ್ತಲಲ್ಲಿ ಐದಾರು ಬಾಯಿಗಳಿಗೆ ಉಣಿಸಬೇಕು. ಉಣಿಸುವ ರೀತಿಯೂ ವಿಶಿಷ್ಟ: ಹುಳು ತಂದು ಬಾಯಿಗಿಟ್ಟು ಹಾರಿಹೋಗುವುದಲ್ಲ. ಗಂಟಲಚೀಲದಲ್ಲಿ ತುಂಬಿಕೊಂಡು ಬಂದ ಬೀಜಗಳನ್ನು ಮೇಲಕ್ಕೆ ತಂದು, ಮರಿಯ ಬಾಯೊಳಗೆ ಕೊಕ್ಕು ಇಳಿಸಿ, ಒತ್ತಿ ಒತ್ತಿ ತುಂಬುತ್ತವೆ. ಮರಿಯೂ ಬೇರೆ ಹಕ್ಕಿಗಳ ಮರಿಗಳಂತೆ ಕತ್ತು ನೀಳವಾಗಿ ಮೇಲಕ್ಕೆ ಚಾಚುವುದಿಲ್ಲ. ತಗ್ಗಿ ಕೂತು, ಕತ್ತನ್ನು ತಿರುಚಿ, ತಲೆಯನ್ನು ಓರೆಯಾಗಿ, ಹೆಚ್ಚೂಕಡಿಮೆ ತಲೆಕೆಳಗಾಗಿ ಹಿಡಿದು, ನಾಲಿಗೆ ಆಡಿಸುತ್ತ ಬಾಯಿ ತೆರೆಯುತ್ತದೆ. ಆಗ ಅಂಗುಳು ಪೂರ್ತಿ ಕಾಣುತ್ತದೆ. ಅಲ್ಲಿದೆ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ.

ಅಂಗುಳಿನ ಮೇಲೆ ರಂಗೋಲಿಯ ಚುಕ್ಕಿ ಇಟ್ಟಂತೆ ಕಪ್ಪು ಚುಕ್ಕೆಗಳು. ಬಾಯಿಯ ಮೂಲೆಗಳಲ್ಲಿ ತಿಳಿಬಣ್ಣದ ದಪ್ಪ ಉಬ್ಬುಗಳು. ಎಸ್ಟ್ರಿಲ್ಡಿಡೇ ಕುಟುಂಬದಲ್ಲಿ ಒಂದೊಂದು ಪ್ರಭೇದಕ್ಕೆ ಒಂದೊಂದು ವಿನ್ಯಾಸ. ಚುಕ್ಕೆಗಳ ಸಂಖ್ಯೆ, ಜಾಗ, ಹಿನ್ನೆಲೆಯ ಬಣ್ಣ, ಉಬ್ಬಿನ ಆಕಾರ, ಎಲ್ಲವೂ ಬೇರೆ ಬೇರೆ. ಬಲ್ಲವರು ಬಾಯಿ ನೋಡಿ ಮರಿಯ ಜಾತಿ ಹೇಳಬಹುದು. ಬೆಳೆದಂತೆ ಈ ಗುರುತು ಮಾಸಿಹೋಗುತ್ತದೆ. ಕತ್ತಲ ಗೂಡಿನಲ್ಲಿ ಎದ್ದು ಕಾಣಲೆಂದೇ ಇರುವ ಈ ಬಾಯಿ ‘ಇಲ್ಲಿದ್ದೇನೆ, ಹಸಿದಿದ್ದೇನೆ’ ಎಂದು ಹೇಳುತ್ತದೆ.

ನೀವು ಹೇಳಿದ ಕಪ್ಪುನೀಲಿ ಹಕ್ಕಿ ಹಳ್ಳಿ ಇಂಡಿಗೊ ಹಕ್ಕಿ, ವಿದುವಾ ಕ್ಯಾಲಿಬಿಯೇಟ. ಅದು ಗೂಡು ಕಟ್ಟುವುದೇ ಇಲ್ಲ. ಹೆಣ್ಣು ಇಂಡಿಗೊ ಕೆಂಡಹಕ್ಕಿಯ ಗೂಡು ಹುಡುಕಿ ಅಲ್ಲಿ ತನ್ನದೂ ಬಿಳಿಯದೇ ಆದ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿಯ ಬಾಯಿ ತೆರೆದು ನೋಡಿದರೆ ಕೆಂಡಹಕ್ಕಿಯ ಮರಿಯ ಬಾಯಿಯ ನಕಲು: ಅವೇ ಚುಕ್ಕೆ, ಅವೇ ಉಬ್ಬು. ಕತ್ತು ತಿರುಚುವ ರೀತಿ, ಬೇಡುವ ದನಿ ಕೂಡ ಹಾಗೆಯೇ. ಇದನ್ನು ಮೊದಲು ವಿಸ್ತಾರವಾಗಿ ತೋರಿಸಿದವರು ಜರ್ಮನಿಯ ಯುರ್ಗನ್ ನಿಕೊಲಾಯ್, 1964ರಲ್ಲಿ. ಇತ್ತೀಚೆಗೆ, 2020ರಲ್ಲಿ, ಗೇಬ್ರಿಯಲ್ ಜೇಮಿ, ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು ಜಾಂಬಿಯದಲ್ಲಿ ಸಂಗ್ರಹಿಸಿದ ಚಿತ್ರ ಮತ್ತು ಧ್ವನಿಗಳನ್ನು ಗಣಕದಲ್ಲಿ ಹೋಲಿಸಿ, ಬಣ್ಣ, ವಿನ್ಯಾಸ, ದನಿ, ತಲೆಯಾಡಿಸುವಿಕೆ ಎಲ್ಲದರಲ್ಲೂ ವಿದುವಾ ಗುಂಪಿನ ಪರಾವಲಂಬಿ ಮರಿಗಳು ತಮ್ಮ ತಮ್ಮ ಆತಿಥೇಯ ಪ್ರಭೇದದ, ಅಂದರೆ ತಮ್ಮನ್ನು ಗೂಡಿನಲ್ಲಿಟ್ಟು ಸಾಕುವ ಹಕ್ಕಿಯ, ಮರಿಗಳನ್ನು ಹೋಲುತ್ತವೆ ಎಂದು ತೋರಿಸಿದರು.

ಕನ್ನಡದಲ್ಲಿ ಕೋಗಿಲೆಗೆ ‘ಪರಪುಟ್ಟ’ ಎಂಬ ಹಳೆಯ ಹೆಸರಿದೆ, ಪರರಿಂದ ಪೋಷಣೆ ಪಡೆದದ್ದು ಎಂದು ಅರ್ಥ. ಇಂಡಿಗೊ ಹಕ್ಕಿಯೂ ಪರಪುಟ್ಟವೇ, ಆದರೆ ಅದರ ದಾರಿ ಬೇರೆ. ಯುರೋಪಿನ ಕುಕ್ಕೂ ಮರಿ ಹುಟ್ಟಿದ ಒಂದೆರಡು ದಿನಗಳಲ್ಲಿ ಆತಿಥೇಯರ ಮೊಟ್ಟೆಗಳನ್ನೂ ಮರಿಗಳನ್ನೂ ಬೆನ್ನಿನಿಂದ ತಳ್ಳಿ ಹೊರಹಾಕುತ್ತದೆ. ಇಂಡಿಗೊ ಮರಿ ಯಾರನ್ನೂ ತಳ್ಳುವುದಿಲ್ಲ, ಕೊಲ್ಲುವುದಿಲ್ಲ. ಕೆಂಡಹಕ್ಕಿಯ ಮರಿಗಳ ನಡುವೆಯೇ ಕೂತು, ಅವುಗಳಂತೆಯೇ ಬಾಯಿ ತೆರೆದು, ತನ್ನ ಪಾಲು ಪಡೆಯುತ್ತದೆ. ಕುಕ್ಕೂ ಮರಿ ಗೂಡಿನಲ್ಲಿ ಒಂಟಿ, ಅಕ್ಕಪಕ್ಕ ಹೋಲಿಸಿ ನೋಡಲು ಅಲ್ಲಿ ಬೇರೆ ಬಾಯಿಯೇ ಇರುವುದಿಲ್ಲ. ಇಂಡಿಗೊ ಮರಿಯ ಪಕ್ಕದಲ್ಲಿ ಅಸಲಿ ಮರಿಗಳೇ ಬಾಯಿ ತೆರೆದು ಕೂತಿರುತ್ತವೆ. ನಕಲು ಇಷ್ಟು ನಯವಾಗಿರಲೇಬೇಕಾದ ಒತ್ತಡ ಅಲ್ಲಿಂದ ಬಂದಿದೆ ಎಂದು ನನಗೆ ತೋರುತ್ತದೆ.

ಹಾಗಾದರೆ ಬಾಯಿಯ ಗುರುತು ಒಂದು ಗುರುತಿನ ಚೀಟಿಯೇ? ಚೀಟಿ ಇಲ್ಲದ ಮರಿಯನ್ನು ತಂದೆತಾಯಿ ಹೊರಗೆಸೆಯುತ್ತವೆಯೇ? ಬಹಳ ಕಾಲ ಹಾಗೆಯೇ ನಂಬಲಾಗಿತ್ತು. 2005ರಲ್ಲಿ ಜಸ್ಟಿನ್ ಶುಯೆಟ್ಸ್ ಪ್ರಕಟಿಸಿದ ಪ್ರಯೋಗವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಅದು ಇದೇ ಕುಟುಂಬದ ಸಾಮಾನ್ಯ ವ್ಯಾಕ್ಸ್‌ಬಿಲ್ ಮೇಲೆ ನಡೆದದ್ದು. ಮರಿಗಳ ಬಾಯಿಯ ಗುರುತನ್ನು ಬದಲಿಸಿ ಗೂಡಿಗೆ ಮರಳಿ ಬಿಟ್ಟಾಗ ಅವು ಸಾಯಲಿಲ್ಲ, ಯಾರೂ ಹೊರದೂಡಲಿಲ್ಲ. ಬೆಳವಣಿಗೆ ಮಾತ್ರ ಸ್ವಲ್ಪ ಕುಗ್ಗಿತು. ಅಂದರೆ ಗುರುತು ತಪ್ಪಿದ ಮರಿಗೆ ಸಿಗುವುದು ಶಿಕ್ಷೆಯಲ್ಲ, ಕಡಿಮೆ ತುತ್ತು. ಬಾಯಿಯ ವಿನ್ಯಾಸ ತಂದೆತಾಯಿಯ ಉಣಿಸುವ ತುಡಿತವನ್ನು ಕೆರಳಿಸುವ ಸಂಕೇತ. ಅದು ಬಲವಾಗಿದ್ದರೆ ತುತ್ತು ಹೆಚ್ಚು, ಮಂಕಾಗಿದ್ದರೆ ಕಡಿಮೆ.

ಈಗ ಹೇಳಿ, ಕೆಂಡಹಕ್ಕಿ ದಡ್ಡವೇ? ಅದು ಮರಿಯ ಬಾಯಿಯನ್ನು ನೋಡಿಯೇ ನೋಡುತ್ತದೆ. ನೋಡಿದ್ದಕ್ಕೆ ತಕ್ಕಂತೆ ಉಣಿಸುತ್ತದೆ. ಅಷ್ಟು ಸೂಕ್ಷ್ಮವಾಗಿ ನೋಡುವುದರಿಂದಲೇ ಇಂಡಿಗೊ ಮರಿ ಅಷ್ಟು ಸೂಕ್ಷ್ಮವಾಗಿ ನಕಲು ಮಾಡಬೇಕಾಗಿ ಬಂತು. ನೋಡದ ಕಣ್ಣಿಗೆ ಯಾರೂ ವೇಷ ಹಾಕುವುದಿಲ್ಲ. ಇದರಾಚೆಗೆ ‘ಅನುಮಾನ ಬಂದದ್ದನ್ನು ಎಸೆದುಬಿಡು’ ಎಂಬ ನಿಯಮವನ್ನು ಅದು ಏಕೆ ಬೆಳೆಸಿಕೊಳ್ಳಲಿಲ್ಲ ಎಂದರೆ, ಕತ್ತಲ ಗೂಡಿನಲ್ಲಿ ಅಂಥ ನಿಯಮ ತಪ್ಪಿದರೆ ಸಾಯುವುದು ಸ್ವಂತ ಮರಿ. ಪರರ ಮರಿಯಿಂದ ಆಗುವ ನಷ್ಟವೋ ತನ್ನ ಮರಿಗಳ ಊಟದಲ್ಲಿ ಒಂದಿಷ್ಟು ಪಾಲು, ಇಡೀ ಸಂಸಾರವಲ್ಲ. ಈ ತಕ್ಕಡಿಯಲ್ಲಿ ಸಹಿಸಿಕೊಳ್ಳುವುದೇ ಹಗುರ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದು ಬಾಯಿಯ ಕತೆ. ಹಾಡಿನ ಕತೆ ಇದಕ್ಕಿಂತ ಅದ್ಭುತ.

ಯೋಚಿಸಿ: ಇಂಡಿಗೊ ಮರಿ ತನ್ನ ಜಾತಿಯ ಒಂದೇ ಒಂದು ಹಕ್ಕಿಯನ್ನೂ ಕಾಣದೆ ಬೆಳೆಯುತ್ತದೆ. ಅದರ ಹೆತ್ತ ತಂದೆ ಎಲ್ಲೋ ಮರದ ತುದಿಯಲ್ಲಿ ಹಾಡುತ್ತಿರುತ್ತದೆ, ಗೂಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಮರಿಯ ಕಿವಿಗೆ ಬೀಳುವುದು ಸಾಕುತಂದೆಯಾದ ಕೆಂಡಹಕ್ಕಿಯ ದನಿ: ಮೊದಲು ಒಂದು ಒಣ ‘ಚಿಕ್’, ಅದರ ಬೆನ್ನಿಗೆ ‘ಪೀ ಪೀ ಪೀ’ ಎಂಬ ಇಂಪಾದ ಸಾಲು. ದೊಡ್ಡದಾದ ಮೇಲೆ ಈ ಮರಿ ತನ್ನ ಜಾತಿಯ ಸಂಗಾತಿಯನ್ನು ಹೇಗೆ ಗುರುತಿಸಬೇಕು? ಉತ್ತರ ಆ ಹಾಡಿನಲ್ಲೇ ಇದೆ. ಗಂಡು ಇಂಡಿಗೊ ಬೆಳೆದು ಹಾಡುವಾಗ ತನ್ನ ಜಾತಿಯ ಗರಗರ ದನಿಯ ನಡುನಡುವೆ ಸಾಕುತಂದೆಯ ಹಾಡನ್ನು ಸೇರಿಸುತ್ತದೆ. ಹೆಣ್ಣು ಇಂಡಿಗೊ ಹಾಡುವುದಿಲ್ಲ, ಕೇಳುತ್ತದೆ. ತಾನು ಬೆಳೆದ ಮನೆಯ ಹಾಡನ್ನು ಹಾಡುವ ಗಂಡಿನ ಬಳಿ ಹೋಗುತ್ತದೆ. ಮೊಟ್ಟೆ ಇಡುವಾಗಲೂ ಅದೇ ಹಾಡಿನ ಗೂಡನ್ನು ಹುಡುಕುತ್ತದೆ.

ಇದು ಊಹೆಯಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಆಫ್ರಿಕದಲ್ಲಿ ಈ ಹಕ್ಕಿಗಳ ಹಿಂದೆ ದಶಕಗಳನ್ನೇ ಕಳೆದವರು. ಜಾಂಬಿಯದ ಲೊಚಿನ್ವರ್‌ನಲ್ಲಿ ಅವರು ಮಾಡಿದ ಅಧ್ಯಯನ ಪ್ರಸಿದ್ಧ. ಅವರೂ ಸಂಗಡಿಗರೂ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಡಿಗೊ ಮರಿಗಳನ್ನು ಕೆಂಡಹಕ್ಕಿಯ ಬದಲು ಬೆಂಗಾಲೀಸ್ ಫಿಂಚ್ ಎಂಬ ಸಾಕುಹಕ್ಕಿಯ ಕೈಯಲ್ಲಿ ಬೆಳೆಸಿದರು. ಅದು ಏಷ್ಯದ ಮುನಿಯಾದಿಂದ ಬಂದ ತಳಿ, ಆಫ್ರಿಕದ ಇಂಡಿಗೊಗಳ ಪೂರ್ವಜರು ಎಂದೂ ಕಾಣದ ಹಕ್ಕಿ. ಬೆಳೆದ ಗಂಡುಗಳು ಬೆಂಗಾಲೀಸ್ ಫಿಂಚ್‌ನ ಹಾಡು ಹಾಡಿದವು. ಬೆಳೆದ ಹೆಣ್ಣುಗಳು ಆ ಹಾಡು ಹಾಡುವ ಗಂಡನ್ನೇ ಮೆಚ್ಚಿದವು, ಬೆಂಗಾಲೀಸ್ ಫಿಂಚ್‌ನ ಗೂಡಿನಲ್ಲೇ ಮೊಟ್ಟೆ ಇಟ್ಟವು. ಯಾರ ಗೂಡು ತನ್ನ ಮರಿಗೆ ತಕ್ಕದ್ದು ಎಂಬ ತಿಳಿವು ರಕ್ತದಲ್ಲಿ ಬಂದದ್ದಲ್ಲ, ಬಾಲ್ಯದಲ್ಲಿ ಕಲಿತದ್ದು ಎಂದು ಅಲ್ಲಿಗೆ ಸ್ಪಷ್ಟವಾಯಿತು.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆ ನೋಡಿ. ಒಂದು ಹೆಣ್ಣು ಇಂಡಿಗೊ ತಪ್ಪಿ ಬೇರೊಂದು ಪ್ರಭೇದದ ಗೂಡಿನಲ್ಲಿ ಮೊಟ್ಟೆ ಇಟ್ಟಿತು ಎನ್ನಿ. ಮರಿಗಳೇನಾದರೂ ಬದುಕಿ ಉಳಿದರೆ ಅವು ಹೊಸ ಹಾಡು ಕಲಿಯುತ್ತವೆ, ಹಳೆಯ ಹಾಡಿನವರ ಜೊತೆ ಕೂಡುವುದಿಲ್ಲ, ಹೊಸ ಹಾಡಿನವರೊಡನೆಯೇ ಕೂಡುತ್ತವೆ. ಕೆಲವೇ ತಲೆಮಾರುಗಳಲ್ಲಿ ಒಂದೇ ಊರಿನಲ್ಲಿ, ಒಂದೇ ಮರಗಳ ಮೇಲೆ, ಎರಡು ಬೇರೆ ಬಳಗಗಳು. ಬೆಟ್ಟವೋ ನದಿಯೋ ಅಡ್ಡ ಬಂದು ಬೇರ್ಪಡಿಸಬೇಕಾಗಿಲ್ಲ. ಸುಮಾರು ಹತ್ತು ಇಂಡಿಗೊ ಪ್ರಭೇದಗಳಿವೆ, ಬಹುಪಾಲು ಒಂದೊಂದೂ ಒಂದೊಂದು ಆತಿಥೇಯಕ್ಕೆ ಅಂಟಿಕೊಂಡದ್ದು. ಜೇಮ್ಸನ್ ಫೈರ್‌ಫಿಂಚ್‌ಗೆ ನೇರಳೆ ಇಂಡಿಗೊ, ಆಫ್ರಿಕನ್ ಫೈರ್‌ಫಿಂಚ್‌ಗೆ ಮಸುಕು ಇಂಡಿಗೊ, ಹೀಗೆ. ಗರಿಗಳನ್ನು ನೋಡಿ ಇವುಗಳನ್ನು ಬೇರ್ಪಡಿಸಲು ಪಳಗಿದ ಕಣ್ಣುಗಳೂ ಹೆಣಗುತ್ತವೆ, ಹಾಡು ಕೇಳಿದರೆ ಕೂಡಲೇ ತಿಳಿಯುತ್ತದೆ. 2003ರಲ್ಲಿ ಮೈಕಲ್ ಸೊರೆನ್ಸನ್, ಕ್ರಿಸ್ಟೀನಾ ಸೆಫ್ಕ್ ಮತ್ತು ಪೇನ್ ಇವುಗಳ ವಂಶವಾಹಿಗಳನ್ನು ಹೋಲಿಸಿದಾಗ, ಈ ಪ್ರಭೇದಗಳ ನಡುವಿನ ಅಂತರ ಬಹಳ ಕಡಿಮೆ ಎಂದು ಕಂಡಿತು. ಆತಿಥೇಯವನ್ನು ಬದಲಿಸುತ್ತ ಬದಲಿಸುತ್ತ ತೀರ ಇತ್ತೀಚೆಗೆ ಹುಟ್ಟಿದ ಪ್ರಭೇದಗಳು ಇವು ಎಂಬ ವಿವರಣೆಗೆ ಅದು ಹೊಂದಿತು. ಕೆಂಡಹಕ್ಕಿಗಳ ವಂಶ ಹಳೆಯದು, ಅವುಗಳ ಮನೆಗೆ ಬಂದ ಈ ಅತಿಥಿಗಳು ಹೊಸಬರು.

ಈ ಹಾಡಿನ ಪಾಠ ಗೂಡಿನಲ್ಲೇ ಮುಗಿಯುವುದೂ ಇಲ್ಲ. ಗಂಡು ಇಂಡಿಗೊ ಋತುವೆಲ್ಲ ಒಂದು ಆಯ್ದ ಮರವನ್ನು ಹಿಡಿದು ಹಾಡುತ್ತದೆ, ಹೆಣ್ಣುಗಳು ಮರದಿಂದ ಮರಕ್ಕೆ ಹೋಗಿ ಕೇಳುತ್ತವೆ, ಕೆಲವೇ ಗಂಡುಗಳು ಬಹುಪಾಲು ಹೆಣ್ಣುಗಳನ್ನು ಪಡೆಯುತ್ತವೆ. ಅಕ್ಕಪಕ್ಕದ ಮರಗಳ ಗಂಡುಗಳು ಒಂದರ ಹಾಡನ್ನು ಇನ್ನೊಂದು ಕಲಿತು, ಒಂದು ಪ್ರದೇಶದವೆಲ್ಲ ಒಂದೇ ಬಗೆಯ ಹಾಡುಗಳನ್ನು ಹಾಡುತ್ತವೆ. ಕೆಲವು ಮೈಲಿ ಆಚೆ ಹೋದರೆ ಬೇರೆ ಹಾಡುಗಳು, ನಮ್ಮ ಮಾತಿನಲ್ಲಿ ಸೀಮೆಯಿಂದ ಸೀಮೆಗೆ ನುಡಿ ಬದಲಾದಂತೆ. ಕೆಂಡಹಕ್ಕಿಯ ಒಂದು ಸಂಸಾರದ ಎದುರು ಇದನ್ನಿಟ್ಟು ನೋಡಿ. ಒಂದು ಕಡೆ ವರ್ಷದ ಬಹುಭಾಗ ಒತ್ತಿಕೊಂಡೇ ಕೂರುವ ಜೋಡಿ, ಇನ್ನೊಂದು ಕಡೆ ಕೂಡಿದ ಕ್ಷಣದಲ್ಲೇ ಬೇರೆಯಾಗುವ ಗಂಡು ಹೆಣ್ಣು. ಈ ಎರಡನೆಯವರಿಗೆ ಸಂಸಾರವಿಲ್ಲದೆ ಬದುಕಲು ಸಾಧ್ಯವಾಗಿರುವುದು ಮೊದಲಿನವರ ಸಂಸಾರ ಅಷ್ಟು ಗಟ್ಟಿಯಾಗಿರುವುದರಿಂದ. ತಂದೆ ಗೂಡಿನ ಬಳಿಯೇ ಇದ್ದು ಹಾಡದಿದ್ದರೆ, ಇಬ್ಬರೂ ಸೇರಿ ಉಣಿಸದಿದ್ದರೆ, ಮರಿಗಳ ಬಾಯಿಯನ್ನು ಅಷ್ಟು ಕಾಳಜಿಯಿಂದ ನೋಡದಿದ್ದರೆ ಇಂಡಿಗೊ ಹಕ್ಕಿಗೆ ಹಾಡೂ ಇಲ್ಲ, ಸಂಗಾತಿಯೂ ಇಲ್ಲ, ತುತ್ತೂ ಇಲ್ಲ. ಒಳ್ಳೆಯ ತಂದೆತಾಯಿಯಾಗಿರುವುದೇ ಅದು ಒಳನುಗ್ಗುವ ಬಾಗಿಲಾಯಿತು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕೆಂಡಹಕ್ಕಿ ಅಳಿವಿನ ಅಂಚಿನಲ್ಲಿಲ್ಲ, ಅದು ಆಫ್ರಿಕದ ಸಾಮಾನ್ಯ ಹಕ್ಕಿಗಳಲ್ಲೊಂದು. ಆದರೆ ಪಂಜರದ ಹಕ್ಕಿಯಾಗಿ ಪಶ್ಚಿಮ ಆಫ್ರಿಕದಿಂದ, ಮುಖ್ಯವಾಗಿ ಸೆನೆಗಲ್‌ನಿಂದ, ಈ ಕುಟುಂಬದ ಹಕ್ಕಿಗಳು ದಶಕಗಳ ಕಾಲ ಭಾರಿ ಸಂಖ್ಯೆಯಲ್ಲಿ ಯುರೋಪಿಗೆ ಸಾಗಿದವು. ಹಕ್ಕಿಜ್ವರದ ಭಯದಿಂದ ಯುರೋಪಿಯನ್ ಒಕ್ಕೂಟ 2005ರಲ್ಲಿ ಕಾಡುಹಕ್ಕಿಗಳ ಆಮದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು, 2007ರಲ್ಲಿ ಅದನ್ನು ಕಾಯಂ ಮಾಡಿತು. ಸಂಗಾತಿಯ ಕೊರಳು ಹಸನು ಮಾಡುತ್ತ ಕೂರುವ ಹಕ್ಕಿಯನ್ನು ಬಲೆಯಲ್ಲಿ ಹಿಡಿದು, ನೂರಾರು ಅಪರಿಚಿತ ಹಕ್ಕಿಗಳ ಜೊತೆ ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಿದ್ದರು ಎಂದು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಕಾರಣ ರೋಗದ ಭಯವೇ ಆಗಿದ್ದರೂ ಆ ನಿಷೇಧ ಬಂದದ್ದು ಒಳ್ಳೆಯದಾಯಿತು.

ಆ ವಿಡಿಯೊವನ್ನು ಇನ್ನೊಮ್ಮೆ ನೋಡುವುದಾದರೆ, ಕಣ್ಣು ಮುಚ್ಚಿಕೊಂಡು ಕೇಳಿ. ಮರದ ತುದಿಯಿಂದ ಬರುವ ಗರಗರ ಸದ್ದಿನ ನಡುವೆ ಒಂದು ಒಣ ‘ಚಿಕ್’, ಅದರ ಹಿಂದೆಯೇ ‘ಪೀ ಪೀ’ ಎಂಬ ಸಾಲು ಕೇಳಿದರೆ, ಹಾಡುತ್ತಿರುವುದು ಕಪ್ಪುನೀಲಿ ಹಕ್ಕಿ, ಹಾಡು ಮಾತ್ರ ಅದನ್ನು ಸಾಕಿದ ಕೆಂಪು ತಂದೆಯದು. ಆಮೇಲೆ ಕಣ್ಣು ತೆರೆದು ಅಂಗಳದ ಪೊದೆಯ ಸುತ್ತಮುತ್ತ ಹುಡುಕಿ. ಗುಬ್ಬಿಯಂತೆ ಕಂದುಗೆರೆಗಳ ಹಕ್ಕಿಯೊಂದು ಸದ್ದಿಲ್ಲದೆ ಕೂತು, ಹುಲ್ಲಿನ ಎಳೆ ಹೊತ್ತು ಓಡಾಡುವ ಕೆಂಡಹಕ್ಕಿ ಜೋಡಿಯನ್ನೇ ನೋಡುತ್ತಿದ್ದರೆ, ಅದು ಗೂಡಿನ ದಾರಿ ಕಾಯುತ್ತಿರುವ ಹೆಣ್ಣು ಇಂಡಿಗೊ ಇರಬಹುದು.